ಆಯುಧ ಪೂಜೆಯ ಸೇಬು ಓವನ್‌ನಲ್ಲಿ ಕುಸಿಯಿತು, ಮೇಲಿನ ಪಾಕ ಕಲ್ಲಾಯಿತು. ಎಲ್ಲಿ ತಪ್ಪಿದೆ?

ಸಾಸಿವೆಕಾಳು (ಮೈಸೂರು)

ಆಯುಧ ಪೂಜೆ ಮುಗಿದು ನಾಲ್ಕು ದಿನ ಆಯಿತು. ಬಾಳೆಹಣ್ಣು ಖಾಲಿ, ಮೋಸಂಬಿ ಖಾಲಿ, ಕಡ್ಲೆಪುರಿ ಕೂಡ ಖಾಲಿ. ಸೇಬು ಮಾತ್ರ ಹನ್ನೊಂದು ಉಳಿದಿದ್ದವು. ಪೂಜೆಗೆ ಅಂತ ನಾವೂ ತಂದಿದ್ದೆವು, ಮೇಲಿನ ಮನೆಯವರೂ ಕೊಟ್ಟರು, ಯಜಮಾನರ ಆಫೀಸಿನಿಂದಲೂ ಒಂದು ಚೀಲ ಬಂತು.

ನನ್ನ ನಾದಿನಿ ಒಮ್ಮೆ ಇಡೀ ಸೇಬನ್ನು ಓವನ್‌ನಲ್ಲಿ ಬೇಯಿಸಿ, ಮೇಲೆ ಚಕ್ಕೆ ಲವಂಗದ ಗ್ಲೇಜ್ ಸುರಿದು ಕೊಟ್ಟಿದ್ದಳು. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಅದನ್ನೇ ಮಾಡೋಣ ಅಂತ ಆರು ಸೇಬು ತೆಗೆದುಕೊಂಡೆ. ನಡುವಿನ ಬೀಜದ ಭಾಗ ಮೇಲಿಂದ ಕೆಳಗಿನ ತನಕ ಪೂರ್ತಿ ಕೊರೆದೆ. ಒಳಗೆ ದ್ರಾಕ್ಷಿ, ಗೋಡಂಬಿ, ಬೆಲ್ಲ ತುಂಬಿದೆ. ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) 200 ಡಿಗ್ರಿ, 50 ನಿಮಿಷ.

ಎರಡು ಸೇಬು ಒಡೆದವು. ಉಳಿದ ನಾಲ್ಕು ಸುಟ್ಟ ಬದನೆಕಾಯಿ ಹಾಗೆ ಕುಸಿದು ಕೂತಿದ್ದವು. ಬೆಲ್ಲವೆಲ್ಲ ತಳದಿಂದ ಸೋರಿ ಟ್ರೇಗೆ ಅಂಟಿ ಕಪ್ಪಾಗಿತ್ತು. ಅದನ್ನು ಉಜ್ಜಲು ಅರ್ಧ ದಿನ ಹಿಡಿಯಿತು.

ಗ್ಲೇಜಿಗೆ ಒಂದು ಕಪ್ ಸಕ್ಕರೆ, ಅರ್ಧ ಕಪ್ ನೀರು, ಒಂದು ಚಮಚ ಚಕ್ಕೆ ಪುಡಿ ಹಾಕಿದೆ. ಮೊದಲು ಲೋಳೆ ಲೋಳೆ ಆಯಿತು. ಇನ್ನೂ ಗಟ್ಟಿ ಆಗಲಿ ಅಂತ ಕುದಿಸಿದೆ. ಸುರಿದು ಹತ್ತು ನಿಮಿಷಕ್ಕೆ ಗಾಜು! ಮಾವನವರು ಹಲ್ಲಿನ ಸೆಟ್ ತೆಗೆದಿಟ್ಟು ಚೀಪಿದರು.

ಇನ್ನೂ ಐದು ಸೇಬು ಇವೆ. ತಿಳಿದವರು ಹೇಳಿ. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ.

ಬರೀ ಓದುಗ

ತೊಳೆದು ಕಚ್ಚಿ ತಿಂದರೆ ಆಗುವುದಿಲ್ಲವೇ? ಸುಮ್ನೆ ಕರೆಂಟು ದಂಡ.

ಸಾಸಿವೆಕಾಳು (ಮೈಸೂರು)

ಹನ್ನೊಂದನ್ನೂ ಕಚ್ಚಲು ನೀವೇ ಬನ್ನಿ ಸರ್. ವಿಳಾಸ ಕಳಿಸಲೇ?

ಗೀತಕ್ಕ (ಶಿರಸಿ)

ತಂಗಿ, ನೀನು ಮಾಡಿದ್ದು ಗ್ಲೇಜ್ ಅಲ್ಲ, ಚಿಕ್ಕಿ. ಅದಕ್ಕೆ ನೆಲಗಡಲೆ ಹಾಕಿದ್ದರೆ ಎಲ್ಲರೂ ಹೊಗಳುತ್ತಿದ್ದರು.

ಗ್ಲೇಜ್ ಅನ್ನುವ ಹೆಸರು ಕೇಳಿ ಹೆದರಬೇಡ. ಅದು ನಮ್ಮ ಪಾಕವೇ. ನೀನು ಜಾಮೂನು ಮಾಡಿಲ್ಲವೇ? ಕಜ್ಜಾಯ ಮಾಡಿಲ್ಲವೇ? ಜಾಮೂನಿಗೆ ಬೆರಳಿಗೆ ಅಂಟಿದರೆ ಸಾಕು. ಕಜ್ಜಾಯಕ್ಕೆ ನೀರಲ್ಲಿ ಹಾಕಿದರೆ ಮೆತ್ತನೆಯ ಉಂಡೆ ಆಗಬೇಕು. ಚಿಕ್ಕಿಗೆ ತಟ್ಟೆಗೆ ಹಾಕಿದರೆ ಟಣ್ ಅನ್ನಬೇಕು. ಸೇಬಿನ ಮೇಲೆ ಸುರಿಯುವುದಕ್ಕೆ ಜಾಮೂನಿಗಿಂತ ಸ್ವಲ್ಪ ಮುಂದೆ, ಕಜ್ಜಾಯಕ್ಕಿಂತ ಹಿಂದೆ. ಎಳೆ ಬಂದೂ ಬರದ ಹಾಗೆ ಇರುವಾಗಲೇ ಒಲೆ ಆರಿಸಬೇಕು. ಬಿಸಿಯಲ್ಲಿ ನೀರಾಗಿ ಕಾಣುತ್ತದೆ, ಅಲ್ಲೇ ಎಲ್ಲರೂ ಮೋಸ ಹೋಗುವುದು. ಇನ್ನೂ ಗಟ್ಟಿ ಆಗಿಲ್ಲ ಅಂತ ಕುದಿಸುತ್ತೇವೆ. ತಣಿದ ಮೇಲೆ ಅದು ತಾನೇ ದಪ್ಪ ಆಗುತ್ತದೆ.

ಒಂದು ಸ್ಟೀಲ್ ತಟ್ಟೆಯನ್ನು ಫ್ರಿಜ್‌ನಲ್ಲಿ ಇಟ್ಟಿರು. ಅದರ ಮೇಲೆ ಒಂದು ತೊಟ್ಟು ಬಿಡು. ತಟ್ಟೆ ಓರೆ ಮಾಡಿದಾಗ ನಿಧಾನಕ್ಕೆ ಹರಿಯಬೇಕು. ಓಡಿದರೆ ಇನ್ನೂ ಆಗಿಲ್ಲ. ನಿಂತುಬಿಟ್ಟರೆ ಮೀರಿದೆ, ಎರಡು ಚಮಚ ಬಿಸಿನೀರು ಹಾಕಿ ಸರಿ ಮಾಡು.

ಇನ್ನು ಚಕ್ಕೆ ಪುಡಿ. ಅದನ್ನು ನೀರಲ್ಲಿ ಕುದಿಸಿದರೆ ಲೋಳೆ ಬರುವುದೇ ಅದರ ಗುಣ. ಚಕ್ಕೆಯನ್ನು ತುಂಡಾಗಿಯೇ ಹಾಕು, ಆಮೇಲೆ ತೆಗೆದುಬಿಡು.

ನಾವಿಲ್ಲಿ ಜೋನಿ ಬೆಲ್ಲದಲ್ಲಿ ಮಾಡುತ್ತೇವೆ. ಅದಕ್ಕೆ ಪಾಕವೇ ಬೇಡ. ಆಲೆಮನೆಯಿಂದ ಬರುವಾಗಲೇ ಅದು ಗ್ಲೇಜ್. ಎರಡು ಲವಂಗ, ಒಂದು ಚಕ್ಕೆ ಹಾಕಿ ಬಿಸಿ ಮಾಡಿದರೆ ಮುಗಿಯಿತು.

ಓಟಿಜಿ ಓಬಯ್ಯ (ತುಮಕೂರು)

ಅಕ್ಕ ಪಾಕದ ವಿಷಯ ಮುಗಿಸಿದರು. ನಾನು ಒಲೆಯ ವಿಷಯ ಹೇಳುತ್ತೇನೆ.

200 ಜಾಸ್ತಿ ಆಯಿತು. ಅದರಲ್ಲೂ ಸಣ್ಣ ಓಟಿಜಿಯಲ್ಲಿ ಮೇಲಿನ ರಾಡ್ ಸೇಬಿನ ತಲೆಗೆ ತಾಗುವಷ್ಟು ಹತ್ತಿರ ಇರುತ್ತದೆ. ನೀವು ಡಯಲ್‌ನಲ್ಲಿ 200 ಇಟ್ಟರೂ ತಲೆಯ ಹತ್ತಿರ ಅದಕ್ಕಿಂತ ಎಷ್ಟೋ ಜಾಸ್ತಿ. ನನ್ನ ಹಳೆಯ ಓವನ್ ಡಯಲ್ ತೋರಿಸುವುದಕ್ಕಿಂತ 25 ಡಿಗ್ರಿ ಮೇಲೆ ಓಡುತ್ತಿತ್ತು. ಒಳಗೆ ಇಡುವ ಓವನ್ ಥರ್ಮಾಮೀಟರ್ ತಂದ ಮೇಲೆ ಗೊತ್ತಾಯಿತು. ಅಲ್ಲಿಯ ತನಕ ಎಷ್ಟೋ ಕೇಕ್ ಸುಟ್ಟು ಬೆಣ್ಣೆಯನ್ನು ಬೈದಿದ್ದೆ.

ಹತ್ತು ನಿಮಿಷ ಮೊದಲೇ ಬಿಸಿ ಮಾಡಿ. 175ಕ್ಕೆ ಇಡಿ, ಎರಡೂ ರಾಡ್ ಆನ್, ಕೆಳಗಿನಿಂದ ಎರಡನೇ ಹಂತದಲ್ಲಿ ಟ್ರೇ. ಟ್ರೇಗೆ ಅರ್ಧ ಕಪ್ ನೀರು ಹಾಕಿ. ಇದು ಮುಖ್ಯ. ಸೋರಿದ ಬೆಲ್ಲ, ಸೇಬು ಬಿಟ್ಟ ರಸ, ತುಪ್ಪ ಎಲ್ಲ ಆ ನೀರಿಗೆ ಸೇರುತ್ತದೆ. ಸುಡುವುದಿಲ್ಲ. ಕೊನೆಗೆ ಅದೇ ನೀರನ್ನು ಬಾಣಲೆಗೆ ಸುರಿದು ಗ್ಲೇಜ್ ಮಾಡಬೇಕು. ನೀವು ಅರ್ಧ ದಿನ ಉಜ್ಜಿ ತೆಗೆದದ್ದೇ ಅದರ ಸಾರ!

ಮೊದಲ 25 ನಿಮಿಷ ಫಾಯಿಲ್ ಮುಚ್ಚಿ. ಆಮೇಲೆ ತೆಗೆದು, ಟ್ರೇಯ ರಸವನ್ನು ಚಮಚದಲ್ಲಿ ಎತ್ತಿ ಸೇಬಿನ ತಲೆಗೆ ಹುಯ್ಯಿರಿ. ಇನ್ನು 10ರಿಂದ 15 ನಿಮಿಷ. ಗಡಿಯಾರ ನಂಬಬೇಡಿ. ಹಲ್ಲುಕಡ್ಡಿ ಚುಚ್ಚಿ ನೋಡಿ. ಒಳಗೆ ಹೋಗಬೇಕು, ಆದರೆ ಕೊನೆಯಲ್ಲಿ ಸ್ವಲ್ಪ ತಡೆಯಬೇಕು. ಆಗಲೇ ತೆಗೆಯಿರಿ. ಹೊರಗೆ ಬಂದ ಮೇಲೂ ಒಳಗಿನ ಬಿಸಿಗೆ ಇನ್ನೂ ಬೇಯುತ್ತಿರುತ್ತದೆ.

ಒಡೆದದ್ದು ಯಾಕೆ ಅಂದರೆ ಹಬೆ. ಸೇಬಿನಲ್ಲಿ ನೂರಕ್ಕೆ 85 ಪಾಲು ನೀರು. ಅದು ಕಾದರೆ ಹೋಗಲು ದಾರಿ ಬೇಕು. ಚಾಕುವಿನ ತುದಿಯಲ್ಲಿ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಸುತ್ತಲೂ ಒಂದು ಗೆರೆ ಎಳೆಯಿರಿ. ಸಿಪ್ಪೆ ಮಾತ್ರ ಕತ್ತರಿಸಿದರೆ ಸಾಕು.

ಬೀಜ ತೆಗೆಯುವಾಗ ತಳ ಬಿಡಬೇಕು. ಎಣ್ಣೆಗಾಯಿಗೆ ಬದನೆಕಾಯಿ ಸೀಳುವಾಗ ತೊಟ್ಟಿನ ತನಕ ಸೀಳುತ್ತೇವೆಯೇ? ಹಾಗೇ ಇದು. ತಳದಲ್ಲಿ ಒಂದು ಸೆಂಟಿಮೀಟರ್ ಉಳಿಸಿ. ಕೊರೆಯುವ ಸಾಧನ ಇಲ್ಲದಿದ್ದರೆ ಪೀಲರ್‌ನ ಚೂಪು ತುದಿಯಲ್ಲಿ ಬಾವಿ ಶುರುಮಾಡಿ ಸಣ್ಣ ಚಮಚದಲ್ಲಿ ಕೆರೆದರೆ ಆಗುತ್ತದೆ.

ಹುಬ್ಬಳ್ಳಿ ರೊಟ್ಟಿ

ಒಡೆಯೋ ಮಾತು ಬಂತಲ್ರೀ, ನನ್ನದೂ ಒಂದು ಕೇಳ್ರಿ. ನಮ್ಮದು ಕನ್ವೆಕ್ಷನ್ ಮೈಕ್ರೋವೇವ್. ನಾನು ಕನ್ವೆಕ್ಷನ್ ಬಟನ್ ಒತ್ತಿದೆ ಅಂದುಕೊಂಡು ಮೈಕ್ರೋ ಒತ್ತಿದ್ದೆ. ನಾಲ್ಕನೇ ನಿಮಿಷಕ್ಕೆ ಢಂ ಅಂತ ಸದ್ದು. ಬಾಗಿಲು ತೆಗೆದರೆ ನಾಲ್ಕೂ ಗೋಡೆಗೆ ಸೇಬಿನ ಸಾರಣೆ. ನಮ್ಮ ಅವ್ವ ಬಂದು ನೋಡಿ, ‘ಇದಕ್ಕೆ ದುಡ್ಡು ಕೊಟ್ಟು ಕಲಿತೀಯೇನು?’ ಅಂದರು.

ಸ್ಟುಟ್‌ಗಾರ್ಟ್ ಸುಮಾ

ಎಲ್ಲರೂ ಒಲೆ, ಪಾಕ ಹೇಳಿದಿರಿ. ಸೇಬು ಯಾವುದು ಅಂತ ಯಾರೂ ಕೇಳಲಿಲ್ಲ, ಅಲ್ವಾ?

ನಾನು ಜರ್ಮನಿಗೆ ಬಂದು ಒಂಬತ್ತು ವರ್ಷ. ಇಲ್ಲಿ ಇದಕ್ಕೆ ಬ್ರಾಟ್‌ಆಪ್ಫೆಲ್ ಅನ್ನುತ್ತಾರೆ, ಅಂದರೆ ಹುರಿದ ಸೇಬು. ಡಿಸೆಂಬರ್ ತಿಂಡಿ. ಹಿಂದೆ ಮನೆ ಬಿಸಿ ಮಾಡುವ ಹೆಂಚಿನ ದೊಡ್ಡ ಒಲೆಯಲ್ಲೇ ಒಂದು ಗೂಡು ಇರುತ್ತಿತ್ತು, ಅದರೊಳಗೆ ಸೇಬು ಇಟ್ಟು ಮರೆತುಬಿಡುತ್ತಿದ್ದರಂತೆ. ಒಳಗೆ ಒಣದ್ರಾಕ್ಷಿ, ಬಾದಾಮಿ, ಮಾರ್ಜಿಪಾನ್, ಚಕ್ಕೆ. ಮೇಲೆ ವೆನಿಲ್ಲಾ ಸಾಸ್. ಮಾರ್ಜಿಪಾನ್ ಅಂದರೆ ಬಾದಾಮಿ ಮತ್ತು ಸಕ್ಕರೆ ಅರೆದ ಮುದ್ದೆ. ನನಗಂತೂ ಅದು ನಮ್ಮ ಬಾದಾಮಿ ಬರ್ಫಿಯ ಬಡ ತಂಗಿ ಅನಿಸುತ್ತದೆ.

ಇಲ್ಲಿ ಇದಕ್ಕೆ ಬೋಸ್ಕೋಪ್ ಅನ್ನುವ ಸೇಬು ಹುಡುಕಿ ತರುತ್ತಾರೆ. ಒರಟು ಸಿಪ್ಪೆ, ಮೇಲೆ ತುಕ್ಕು ಬಣ್ಣದ ಮಚ್ಚೆ. ನೋಡಲು ಚೆನ್ನಾಗಿಲ್ಲ. ಹಸಿಯಾಗಿ ತಿಂದರೆ ಮುಖ ಕಿವುಚುವಷ್ಟು ಹುಳಿ. ಬೆಂದ ಮೇಲೆ ಅದೇ ಹುಳಿ ಬೆಲ್ಲದ ಸಿಹಿಗೆ ಎದುರು ನಿಲ್ಲುತ್ತದೆ. ನಮ್ಮೂರಿನ ಕೆಂಪು ಸೇಬು ಬರೀ ಸಿಹಿ. ಅದಕ್ಕೆ ಸಿಹಿ ತುಂಬಿ, ಮೇಲೆ ಸಿಹಿ ಸುರಿದರೆ ಎರಡು ಚಮಚಕ್ಕೇ ಸಾಕು ಅನಿಸುತ್ತದೆ.

ಹುಳಿಗೆ ಇನ್ನೊಂದು ಕೆಲಸವೂ ಇದೆ. ಸಾರಿಗೆ ಹುಣಸೆಹುಳಿ ಮೊದಲೇ ಹಾಕಿದರೆ ತರಕಾರಿ ಬೇಯದೆ ಸತಾಯಿಸುತ್ತದೆ. ಸೇಬಿನಲ್ಲೂ ಅದೇ. ಹುಳಿ ಇದ್ದರೆ ಪೆಕ್ಟಿನ್, ಅಂದರೆ ಹಣ್ಣನ್ನು ಒಳಗಿನಿಂದ ಹಿಡಿದಿಡುವ ಅಂಟು, ಬೇಗ ಕರಗುವುದಿಲ್ಲ, ಹಣ್ಣು ನಿಲ್ಲುತ್ತದೆ. ಮೈಸೂರಿನಲ್ಲಿ ಹಸಿರು ಗ್ರ್ಯಾನಿ ಸ್ಮಿತ್ ಸಿಗುತ್ತದೆ. ಅದನ್ನು ತನ್ನಿ.

ಓಟಿಜಿ ಓಬಯ್ಯ (ತುಮಕೂರು)

ಸುಮಾ ಅವರೇ, ಒಂದು ತಕರಾರು. ಇಂಗ್ಲೆಂಡಿನಲ್ಲಿ ಅಡುಗೆಗೇ ಅಂತ ಬೆಳೆಸುವ ಬ್ರಾಮ್ಲಿ ಸೇಬು ಮಹಾ ಹುಳಿ. ಆದರೆ ಬೆಂದರೆ ಹತ್ತಿಯ ಹಾಗೆ ಅರಳಿ ಪೂರ್ತಿ ಕರಗುತ್ತದೆ. ನಿಮ್ಮ ಹುಳಿ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಸ್ಟುಟ್‌ಗಾರ್ಟ್ ಸುಮಾ

ಹೌದು, ಅದು ನಿಜ. ಜಾತಿಯ ಗುಣವೇ ದೊಡ್ಡದು, ಹುಳಿ ಅದರ ಜೊತೆಗೆ. ಬೋಸ್ಕೋಪ್ ಕೂಡ ಬೆಂದರೆ ತುಂಬಾ ಮೆತ್ತಗಾಗುತ್ತದೆ. ನಾನು ಹೇಳಿದ್ದು ಸ್ವಲ್ಪ ಜಾಸ್ತಿ ಆಯಿತು. ಆದರೂ ಗ್ರ್ಯಾನಿ ಸ್ಮಿತ್ ನಿಲ್ಲುತ್ತದೆ, ಅದಕ್ಕೆ ನಾನು ಜವಾಬ್ದಾರಿ.

ಥಾಣೇಧಾರ್ ಚಳಿ

ನಾನು ಶಿಮ್ಲಾದಲ್ಲಿ ನಾಲ್ಕು ವರ್ಷ ಕೆಲಸದಲ್ಲಿದ್ದೆ. ಸೇಬಿನ ತೋಟಗಳ ನಡುವೆಯೇ ಮನೆ. ನಮ್ಮ ಅಂಗಡಿಗಳಲ್ಲಿ ಅಡುಗೆ ಸೇಬು ಯಾಕಿಲ್ಲ ಅನ್ನುವುದಕ್ಕೆ ಒಂದು ಕಥೆ ಇದೆ, ಹೇಳಲೇಬೇಕು.

ಹಿಮಾಚಲಕ್ಕೆ ಸೇಬು ಮೊದಲು ತಂದವರು ಬ್ರಿಟಿಷರು, ಕುಲ್ಲು ಕಡೆ, 1870ರ ಸುಮಾರಿಗೆ. ಅವರು ತಂದದ್ದು ಇಂಗ್ಲೆಂಡಿನ ಹುಳಿ ಜಾತಿಗಳನ್ನು. ಅವರಿಗೆ ಪೈ ಬೇಕು, ಪುಡಿಂಗ್ ಬೇಕು. ನಮ್ಮ ಜನಕ್ಕೆ ಹಣ್ಣು ಅಂದರೆ ಸಿಹಿ ಇರಬೇಕು. ಆಮೇಲೆ ಅಮೆರಿಕದ ಫಿಲಡೆಲ್ಫಿಯಾದಿಂದ ಬಂದು ಶಿಮ್ಲಾ ಕಡೆಯ ಕೋಟಗಢದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್, 1916ರಲ್ಲಿ ಅಮೆರಿಕದಿಂದ ಡೆಲಿಷಿಯಸ್ ಜಾತಿಯ ಸಸಿ ತಂದು ನೆಟ್ಟರು. ಆಮೇಲೆ ಅವರು ಸತ್ಯಾನಂದ ಅಂತ ಹೆಸರು ಬದಲಿಸಿಕೊಂಡರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋಗಿ ಬಂದರು. ಆ ಸಿಹಿ ಕೆಂಪು ಸೇಬು ಬೆಟ್ಟವನ್ನೇ ಹಿಡಿಯಿತು. ಇವತ್ತು ನಮ್ಮ ತಳ್ಳುಗಾಡಿಯವರು ‘ಸಿಮ್ಲಾ ಸೇಬು’ ಅಂತ ಕೂಗುವುದು ಬಹುಪಾಲು ಆ ಡೆಲಿಷಿಯಸ್ ಬಳಗವೇ. ರಾಯಲ್ ಡೆಲಿಷಿಯಸ್, ರೆಡ್ ಡೆಲಿಷಿಯಸ್ ಎಲ್ಲ ಅಣ್ಣತಮ್ಮಂದಿರು. ಕಚ್ಚಿ ತಿನ್ನಲು ಗೆದ್ದ ಹಣ್ಣು. ಓವನ್‌ಗೆ ಅಂತ ಯಾರೂ ಅದನ್ನು ಆರಿಸಿದ್ದಲ್ಲ.

ಆದರೂ ಸಾಸಿವೆಕಾಳು ಅವರ ಸೇಬು ಕುಸಿಯಲು ಜಾತಿಯೊಂದೇ ಕಾರಣ ಇರಲಾರದು. ಡೆಲಿಷಿಯಸ್ ಹಣ್ಣು ಕೂತು ಹಳತಾದರೆ ಹಿಟ್ಟು ಹಿಟ್ಟು ಆಗುತ್ತದೆ. ಕಚ್ಚಿದರೆ ಕರುಂ ಅನ್ನದೆ ಬೆಂದ ಆಲೂಗಡ್ಡೆ ಹಾಗೆ ಪುಡಿಯಾಗುತ್ತದೆ. ಒಳಗಿನ ಕಣಗಳನ್ನು ಹಿಡಿದಿಟ್ಟ ಅಂಟು ಸಡಿಲ ಆಗಿರುತ್ತದೆ, ಅದಕ್ಕೇ. ಅಂಥದ್ದನ್ನು ಓವನ್‌ಗೆ ಇಟ್ಟರೆ ಯಾವ ಉಷ್ಣಾಂಶದಲ್ಲೂ ಉಳಿಯುವುದಿಲ್ಲ. ಹಿಮಾಚಲದ ಹಣ್ಣು ಜುಲೈಯಿಂದ ಶುರು, ಕಾಶ್ಮೀರದ್ದು ಸೆಪ್ಟೆಂಬರ್ ಮೇಲೆ. ಹಾಗಾಗಿ ದಸರಾ ಹೊತ್ತಿಗೆ ಹೊಸ ಹಣ್ಣೇ ಇರಬೇಕು. ಆದರೆ ಪೂಜೆಗೆ ತಂದು, ತಟ್ಟೆಯಲ್ಲಿಟ್ಟು, ಕುಂಕುಮ ಹಚ್ಚಿ, ನಾಲ್ಕು ದಿನ ಹೊರಗೇ ಬಿಟ್ಟರೆ?

ಒಂದನ್ನು ಕತ್ತರಿಸಿ ತಿಂದು ನೋಡಿ. ಕರುಂ ಅಂದರೆ ಓವನ್. ಹಿಟ್ಟಾಗಿದ್ದರೆ ತುರಿದು ಕೇಸರಿಬಾತಿಗೆ ಹಾಕಿ.

ಸಾಸಿವೆಕಾಳು (ಮೈಸೂರು)

ಈಗಲೇ ಕತ್ತರಿಸಿದೆ. ಮೂರು ಹಿಟ್ಟು, ಎರಡು ಪರವಾಗಿಲ್ಲ. ಯಾವುದು ಯಾರ ಮನೆಯದು ಅಂತ ಕೇಳಬೇಡಿ, ಜಗಳ ಆಗುತ್ತದೆ.

ಏಲಕ್ಕಿ ಸಿಪ್ಪೆ (ಮಡಿಕೇರಿ)

ಸಿಪ್ಪೆ ಇಟ್ಟೇ ಬೇಯಿಸುವುದಾದರೆ ಅದರ ಮೇಣ? ಪೇಟೆಯ ಸೇಬನ್ನು ಕೆರೆದರೆ ಬಿಳಿ ಪುಡಿ ಬರುತ್ತದೆ. ನಾನಂತೂ ಸಿಪ್ಪೆ ತೆಗೆಯದೆ ಮಕ್ಕಳಿಗೆ ಕೊಡುವುದಿಲ್ಲ.

ಥಾಣೇಧಾರ್ ಚಳಿ

ಸಿಪ್ಪೆ ತೆಗೆದರೆ ಸೇಬಿಗೆ ನಿಲ್ಲಲು ಗೋಡೆಯೇ ಇರುವುದಿಲ್ಲ. ಸೇಬಿನ ಮೇಲೆ ಹುಟ್ಟಿನಿಂದಲೇ ಸ್ವಲ್ಪ ಮೇಣ ಇರುತ್ತದೆ, ಗಿಡದಿಂದ ಕಿತ್ತ ಹಣ್ಣನ್ನು ಪಂಚೆಗೆ ಉಜ್ಜಿದರೆ ಹೊಳೆಯುವುದು ಅದಕ್ಕೇ. ತೊಳೆದಾಗ ಅದು ಹೋಗುತ್ತದೆ ಅಂತ ದೂರ ಕಳಿಸುವ ಹಣ್ಣಿಗೆ ಮತ್ತೆ ಲೇಪ ಹಚ್ಚುತ್ತಾರೆ. ಜೇನುಮೇಣ, ಕಾರ್ನೌಬಾ ಅನ್ನುವ ಎಲೆಯ ಮೇಣ, ಅರಗು, ಇವಕ್ಕೆ ನಮ್ಮ ಆಹಾರ ಸುರಕ್ಷತಾ ನಿಯಮದಲ್ಲೇ ಅನುಮತಿ ಇದೆ, ಲೇಬಲ್‌ನಲ್ಲಿ ಹೇಳಬೇಕು ಅಷ್ಟೆ. ಕೈ ತಾಳುವಷ್ಟು ಬಿಸಿಯ ನೀರಲ್ಲಿ ಒಂದು ನಿಮಿಷ ಇಟ್ಟು ಒರಟು ಬಟ್ಟೆಯಲ್ಲಿ ಉಜ್ಜಿ. ಒಂದಷ್ಟು ಹೋಗುತ್ತದೆ. ಉಜ್ಜಿದ ಸೇಬಿಗೆ ಗ್ಲೇಜ್ ಕೂಡ ಚೆನ್ನಾಗಿ ಹಿಡಿಯುತ್ತದೆ. ಮೇಣದ ಮೇಲೆ ಪಾಕ ಕೆಸುವಿನ ಎಲೆಯ ನೀರಿನ ಹಾಗೆ ಜಾರುತ್ತದೆ.

ಏಲಕ್ಕಿ ಸಿಪ್ಪೆ (ಮಡಿಕೇರಿ)

ಲೇಬಲ್ ಓದಲು ತಳ್ಳುಗಾಡಿಯಲ್ಲಿ ಲೇಬಲ್ ಎಲ್ಲಿದೆ ಸರ್? ನನ್ನ ಮನಸ್ಸು ಒಪ್ಪುವುದಿಲ್ಲ. ಅರ್ಧ ಸಿಪ್ಪೆ ತೆಗೆಯುತ್ತೇನೆ, ಮೇಲಿನ ಭಾಗದ್ದು.

ಓಟಿಜಿ ಓಬಯ್ಯ (ತುಮಕೂರು)

ಮೇಲಿನದು ತೆಗೆದರೆ ಸೊಂಟದ ಗೆರೆಯೂ ಬೇಕಿಲ್ಲ, ಹಬೆಗೆ ದಾರಿ ಸಿಕ್ಕಿತು. ಒಳ್ಳೆಯದೇ.

ಸಕ್ಕರೆ ಕಮ್ಮಿ (ಬೆಂಗಳೂರು)

ನಮ್ಮ ಮನೆಯಲ್ಲಿ ಇಬ್ಬರಿಗೆ ಶುಗರ್. ಸಕ್ಕರೆ ಬದಲು ಬೆಲ್ಲ ಹಾಕಿದರೆ ಕೊಡಬಹುದಾ?

ಸ್ಟುಟ್‌ಗಾರ್ಟ್ ಸುಮಾ

ಬೆಲ್ಲವೂ ಸಕ್ಕರೆಯೇ. ರಕ್ತಕ್ಕೆ ಹೋದ ಮೇಲೆ ಅದಕ್ಕೆ ಜಾತಿಭೇದ ಇಲ್ಲ. ಅವರಿಗೆ ಗ್ಲೇಜ್ ಬಿಡಿ. ಅರ್ಧ ಸೇಬಿಗೆ ವಾಲ್‌ನಟ್, ಚಕ್ಕೆ, ಚಿಟಿಕೆ ಉಪ್ಪು, ಸ್ವಲ್ಪ ಬೆಣ್ಣೆ ಹಾಕಿ ಬೇಯಿಸಿ. ಬೆಂದ ಸೇಬು ತಾನೇ ಸಾಕಷ್ಟು ಸಿಹಿ. ಎಷ್ಟು ತಿನ್ನಬಹುದು ಅನ್ನುವುದನ್ನು ಅವರ ಡಾಕ್ಟರನ್ನೇ ಕೇಳಿ.

ಚಕ್ಕೆ ಅಂದಾಗ ನೆನಪಾಯಿತು. ನಮ್ಮ ಅಂಗಡಿಗಳಲ್ಲಿ ಸಿಗುವ ದಪ್ಪ, ಗಟ್ಟಿ, ಒಂದೇ ಪದರದ ಚಕ್ಕೆ ಸಾಮಾನ್ಯವಾಗಿ ಕ್ಯಾಸಿಯಾ. ಸಿಲೋನ್ ಚಕ್ಕೆ ತೆಳ್ಳಗೆ, ಬೀಡಿ ಸುತ್ತಿದ ಹಾಗೆ ಪದರ ಪದರ. ಬೆರಳಲ್ಲೇ ಮುರಿಯಬಹುದು. ಕ್ಯಾಸಿಯಾದಲ್ಲಿ ಕೂಮರಿನ್ ಅನ್ನುವ ಅಂಶ ಜಾಸ್ತಿ, ತುಂಬಾ ತಿಂದರೆ ಲಿವರ್‌ಗೆ ಒಳ್ಳೆಯದಲ್ಲ. 2006ರಲ್ಲಿ ಇಲ್ಲಿನ ಸರ್ಕಾರಿ ಸಂಸ್ಥೆಯೇ ಕ್ರಿಸ್ಮಸ್ ಬಿಸ್ಕತ್ತಿನ ವಿಷಯದಲ್ಲಿ ಎಚ್ಚರಿಕೆ ಕೊಟ್ಟಿತ್ತು. ಅಪರೂಪಕ್ಕೆ ಒಂದು ತುಂಡು ಕುದಿಸಿ ತೆಗೆಯುವುದಕ್ಕೆ ಯಾರೂ ಹೆದರಬೇಕಿಲ್ಲ. ಆದರೆ ದಿನಾ ಶುಗರ್‌ಗೆ ಅಂತ ಚಮಚಗಟ್ಟಲೆ ಪುಡಿ ತಿನ್ನುವವರು ಇದ್ದಾರಲ್ಲ, ಅವರಿಗೆ ಹೇಳಿದ್ದು.

ಗೀತಕ್ಕ (ಶಿರಸಿ)

ನಮ್ಮ ತೋಟದ ದಾಲ್ಚಿನ್ನಿ ಮರದ್ದು ಎರಡೂ ಅಲ್ಲ, ಕಾಡಿನದು. ಪರಿಮಳ ಕಮ್ಮಿ, ಎಲೆ ಚೆನ್ನ. ಸೇಬಿನ ಟ್ರೇಯ ನೀರಿಗೆ ಒಂದು ಎಲೆ ಹಾಕಿದರೆ ಸಾಕು.

ಹುಳಿ ಇಲ್ಲ ಅಂದಿರಲ್ಲ. ಹೊರದೇಶದ ಹಸಿರು ಸೇಬೇ ಯಾಕೆ? ಎರಡು ಮುರುಗಲ (ಪುನರ್ಪುಳಿ) ಸಿಪ್ಪೆಯನ್ನು ಬಿಸಿನೀರಲ್ಲಿ ನೆನೆಸಿ, ಆ ನೀರನ್ನು ಗ್ಲೇಜಿಗೆ ಹಾಕಿ. ಹುಳಿಯೂ ಬಂತು, ಬಣ್ಣವೂ ಬಂತು. ಜೋನಿ ಬೆಲ್ಲಕ್ಕೆ ಆ ಕೆಂಪು ಸೇರಿದರೆ ಮಾಣಿಕ್ಯದ ಹಾಗೆ ಕಾಣುತ್ತದೆ.

ಸ್ಟುಟ್‌ಗಾರ್ಟ್ ಸುಮಾ

ಗೀತಕ್ಕಾ!! ಮುರುಗಲು ನನಗೇಕೆ ಹೊಳೆಯಲಿಲ್ಲ. ಅಮ್ಮ ಕೊಟ್ಟ ಪೊಟ್ಟಣ ಎರಡು ವರ್ಷದಿಂದ ಡಬ್ಬಿಯಲ್ಲೇ ಇದೆ.

ಹುಬ್ಬಳ್ಳಿ ರೊಟ್ಟಿ

ಮೇಲೆ ಹಾಕಾಕ ವೆನಿಲ್ಲಾ ಸಾಸ್ ಅಂದ್ರಲ್ಲ, ಅದರಾಗ ತತ್ತಿ ಇರತೈತೇನ್ರಿ? ಇದ್ದರೆ ನಮಗೂ ನಡೆಯುವುದಿಲ್ಲ. ನಾವು ತಣ್ಣಗಿನ ಬಾಸುಂದಿ ಹಾಕಿಕೊಂಡು ತಿಂದೆವು. ಬಿಸಿ ಸೇಬು, ತಂಪು ಬಾಸುಂದಿ. ಏನ್ ಹೇಳಲಿ!

ಸ್ಟುಟ್‌ಗಾರ್ಟ್ ಸುಮಾ

ಮನೆಯಲ್ಲಿ ಮಾಡುವುದರಲ್ಲಿ ಹಳದಿ ಭಾಗ ಇರುತ್ತದೆ. ಕಸ್ಟರ್ಡ್ ಪುಡಿಯಲ್ಲಿ ಇರುವುದಿಲ್ಲ. ಆ ಪುಡಿ ಹುಟ್ಟಿದ್ದೇ ಮೊಟ್ಟೆ ಆಗದವರಿಗೆ. 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಅನ್ನುವವರು ಮೊಟ್ಟೆ ಅಲರ್ಜಿ ಇದ್ದ ಹೆಂಡತಿಗಾಗಿ ಮೆಕ್ಕೆಜೋಳದ ಪಿಷ್ಟದಲ್ಲಿ ಮಾಡಿದರು. ಆದರೆ ನಿಮ್ಮ ಬಾಸುಂದಿ ಮುಂದೆ ಅದು ಯಾಕೆ ಬೇಕು.

ಒಂದು ಎಚ್ಚರ. ಬೆಲ್ಲದ ಗ್ಲೇಜ್ ಕುದಿಯುತ್ತಿರುವಾಗ ಹಾಲಿನ ಪದಾರ್ಥ ಸೇರಿಸಬೇಡಿ, ಒಡೆಯುತ್ತದೆ. ನಿಂಬೆ ಅಥವಾ ಮುರುಗಲು ಇದ್ದರಂತೂ ಖಂಡಿತ. ಸೇಬು ತಟ್ಟೆಗೆ ಬಂದ ಮೇಲೆ ಪಕ್ಕದಲ್ಲಿ ಹಾಕಿ.

ಗಾಳಿ ಒಲೆ

ಏರ್ ಫ್ರೈಯರ್‌ನಲ್ಲಿ 160ಕ್ಕೆ 20ರಿಂದ 25 ನಿಮಿಷ. ಸೇಬನ್ನು ಸಣ್ಣ ಸ್ಟೀಲ್ ಬಟ್ಟಲಲ್ಲಿ ಕೂರಿಸಿ, ಇಲ್ಲದಿದ್ದರೆ ರಸ ಕೆಳಗೆ ಹೋಗಿ ಹೊಗೆ ಏಳುತ್ತದೆ. ಒಣದ್ರಾಕ್ಷಿ ಮೇಲೆ ಕಾಣದ ಹಾಗೆ ಒಳಗೆ ಒತ್ತಿ. ಮೇಲಿದ್ದದ್ದು ಇದ್ದಿಲು.

ಮಣ್ಣಿನ ಹಂಚು (ದಾವಣಗೆರೆ)

ಓವನ್ ಇಲ್ಲದವರು ಕುಕ್ಕರ್‌ನಲ್ಲಿ ಉಪ್ಪು ಹಾಕಿ, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು ಮಾಡುತ್ತಾರಲ್ಲ, ಕೇಕ್ ಹಾಗೆ. ಆಗುತ್ತದೆಯೇ?

ಓಟಿಜಿ ಓಬಯ್ಯ (ತುಮಕೂರು)

ಆಗುತ್ತದೆ, ಆದರೆ ನೀರಿಲ್ಲದೆ ಅಷ್ಟು ಹೊತ್ತು ಕಾಯಿಸಿದರೆ ಅಲ್ಯೂಮಿನಿಯಂ ಕುಕ್ಕರ್ ಹಾಳಾಗುತ್ತದೆ. ದಪ್ಪ ತಳದ ಹಳೆಯ ಪಾತ್ರೆ, ಭಾರದ ಮುಚ್ಚಳ ಇದ್ದರೆ ಅದೇ ವಾಸಿ. ಸೇಬಿಗೆ ಒಣ ಶಾಖವೇ ಬೇಕು ಅಂತೇನೂ ಇಲ್ಲ. ಬಾಣಲೆಯಲ್ಲಿ ಎರಡು ಚಮಚ ತುಪ್ಪ, ಅರ್ಧ ಕಪ್ ನೀರು, ಸೇಬು ಕೂರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ 20 ನಿಮಿಷ. ಕೊನೆಗೆ ಮುಚ್ಚಳ ತೆಗೆದು ಅದೇ ನೀರಿಗೆ ಬೆಲ್ಲ, ಚಕ್ಕೆ, ಲವಂಗ ಹಾಕಿ ಬತ್ತಿಸುತ್ತಾ ಸೇಬಿನ ಮೇಲೆ ಹುಯ್ಯುತ್ತಿರಿ. ತಲೆ ಕೆಂಪಾಗುವುದಿಲ್ಲ, ಸ್ವಲ್ಪ ಪೇಲವ ಕಾಣುತ್ತದೆ. ರುಚಿಗೆ ಏನೂ ಮೋಸ ಇಲ್ಲ.

ಸಾಸಿವೆಕಾಳು (ಮೈಸೂರು)

ಎಲ್ಲರಿಗೂ ವರದಿ. ಮೂರು ಹಿಟ್ಟು ಸೇಬು ಕೇಸರಿಬಾತ್ ಆಯಿತು. ಎರಡು ಗ್ರ್ಯಾನಿ ಸ್ಮಿತ್ ತಂದೆ. ಬೆಲೆ ನೋಡಿ ಎದೆ ಧಸಕ್ ಅಂದಿತು, ಯಜಮಾನರಿಗೆ ಹೇಳಿಲ್ಲ. ಅವೆರಡು, ಪೂಜೆಯ ಎರಡು, ಒಟ್ಟು ನಾಲ್ಕು.

ಬಿಸಿನೀರಲ್ಲಿ ಉಜ್ಜಿದೆ. ತಳ ಬಿಟ್ಟು ಕೊರೆದೆ. ಒಂದು ತಳ ತೂತಾಯಿತು, ಸೇಬಿನದೇ ತುಂಡು ತುರುಕಿ ಮುಚ್ಚಿದೆ. ಒಳಗೋಡೆಗೆ ನಿಂಬೆರಸ ಸವರಿದೆ. ಎರಡು ಚಮಚ ಒಣದ್ರಾಕ್ಷಿ, ಎರಡು ಚಮಚ ಜಜ್ಜಿದ ವಾಲ್‌ನಟ್, ಒಂದು ಚಮಚ ಬೆಲ್ಲದ ಪುಡಿ, ಒಂದು ಚಮಚ ತುಪ್ಪ, ಚಿಟಿಕೆ ಉಪ್ಪು ಕಲಸಿ ನಾಲ್ಕಕ್ಕೂ ಹಂಚಿದೆ. ಉಡಿದಾರ ಎಳೆದೆ. ಟ್ರೇಗೆ ನೀರು, 175 ಡಿಗ್ರಿ, 25 ನಿಮಿಷ ಫಾಯಿಲ್, ಆಮೇಲೆ ತೆರೆದು ಬೇಯಿಸಿದೆ. ಪೂಜೆಯವು ಒಟ್ಟು 34 ನಿಮಿಷಕ್ಕೇ ಆದವು. ಹಸಿರಿನವು 42 ತೆಗೆದುಕೊಂಡವು.

ಗ್ಲೇಜಿಗೆ ನೂರು ಗ್ರಾಂ ಅಚ್ಚು ಬೆಲ್ಲ. ಕಾಲು ಕಪ್ ನೀರಲ್ಲಿ ಕರಗಿಸಿ ಸೋಸಿದೆ, ಅದರಲ್ಲಿ ಮರಳು, ಒಂದು ಕಬ್ಬಿನ ನಾರು. ಟ್ರೇಯ ರಸ ಸೇರಿಸಿದೆ. ಎರಡು ಇಂಚು ಚಕ್ಕೆ, ಮೂರು ಲವಂಗ, ಜಜ್ಜಿದ ಶುಂಠಿ ಸ್ವಲ್ಪ. ಕೊನೆಗೆ ಜಾಯಿಕಾಯಿ ಎರಡೇ ಸಲ ತುರಿದೆ. ಮುರುಗಲು ಇರಲಿಲ್ಲ, ನಿಂಬೆಹಣ್ಣು ಅರ್ಧ. ತಣ್ಣನೆ ತಟ್ಟೆಯ ಮೇಲೆ ಮೂರು ಸಲ ತೊಟ್ಟು ಬಿಟ್ಟು ನೋಡಿದೆ. ಮೂರನೇ ಸಲ ನಿಧಾನಕ್ಕೆ ಹರಿಯಿತು. ಒಲೆ ಆರಿಸುವಾಗ ನೀರು ನೀರೇ ಕಾಣುತ್ತಿತ್ತು. ಕೈ ತಡೆಯಲಿಲ್ಲ, ಇನ್ನೊಂದು ನಿಮಿಷ ಅನಿಸಿತು. ಗೀತಕ್ಕನ ಮಾತು ನೆನಪಾಗಿ ಆರಿಸಿಬಿಟ್ಟೆ.

ಹೊಳೆಯಿತು! ನಾದಿನಿಯದಕ್ಕಿಂತ ಬಣ್ಣ ಜಾಸ್ತಿ ಕಪ್ಪು, ಬೆಲ್ಲ ಅಲ್ವಾ. ಹಸಿರು ಸೇಬು ನೆಟ್ಟಗೆ ನಿಂತಿತ್ತು. ಪೂಜೆಯದು ಸ್ವಲ್ಪ ಸೊಟ್ಟಗಾಯಿತು. ಆದರೆ ಒಂದು ಮಾತು, ಸುಮಾ ಅವರು ಬೇಜಾರು ಮಾಡಿಕೊಳ್ಳಬೇಡಿ, ಮನೆಯಲ್ಲಿ ಎಲ್ಲರಿಗೂ ಇಷ್ಟವಾದದ್ದು ಆ ಸೊಟ್ಟ ಸೇಬೇ. ಹಸಿರಿನದು ‘ಹುಳಿ’ ಅಂತ ಮಗ ಪಕ್ಕಕ್ಕೆ ತಳ್ಳಿದ. ಮಾವನವರು ಮಾತ್ರ ಹಸಿರಿನದನ್ನೇ ತಿಂದರು, ಹಲ್ಲಿನ ಸೆಟ್ ಹಾಕಿಕೊಂಡೇ.

ಸ್ಟುಟ್‌ಗಾರ್ಟ್ ಸುಮಾ

ಬೇಜಾರು ಏನಿಲ್ಲ. ಮಾವನವರು ನನ್ನ ಪಕ್ಷ.

ಥಾಣೇಧಾರ್ ಚಳಿ

ನೋಡಿದಿರಾ, ನೂರು ವರ್ಷದ ಹಿಂದೆ ಬೆಟ್ಟದಲ್ಲಿ ಆದದ್ದು ಈಗ ನಿಮ್ಮ ಊಟದ ಮೇಜಿನ ಮೇಲೂ ಆಯಿತು.

ಬರೀ ಓದುಗ

ಎಲ್ಲ ಸರಿ. ಕರೆಂಟು ಎಷ್ಟು ಯೂನಿಟ್ ಆಯಿತು?

ಓಟಿಜಿ ಓಬಯ್ಯ (ತುಮಕೂರು)

1300 ವ್ಯಾಟ್ ಓಟಿಜಿ ಅಂದುಕೊಳ್ಳಿ. ಬಿಸಿ ಮಾಡಿದ್ದೂ ಸೇರಿ 52 ನಿಮಿಷ. ನಡುನಡುವೆ ತಾನೇ ಆಫ್ ಆಗಿ ಆನ್ ಆಗುತ್ತದೆ. ಒಂದು ಯೂನಿಟ್ ದಾಟುವುದು ಕಷ್ಟ.

ಬರೀ ಓದುಗ

ಗ್ರ್ಯಾನಿ ಸ್ಮಿತ್‌ನ ಬೆಲೆ ಹೇಳಲಿಲ್ಲ.

ಸಾಸಿವೆಕಾಳು (ಮೈಸೂರು)

ಹೇಳುವುದೂ ಇಲ್ಲ. ಗೀತಕ್ಕ, ಒಂದು ಸಣ್ಣ ಬಟ್ಟಲು ಗ್ಲೇಜ್ ಉಳಿದಿದೆ. ಫ್ರಿಜ್‌ನಲ್ಲಿ ಇಟ್ಟೆ, ಬೆಳಿಗ್ಗೆ ಜೇನಿಗಿಂತ ಗಟ್ಟಿ ಆಗಿದೆ. ಏನು ಮಾಡಲಿ?

ಗೀತಕ್ಕ (ಶಿರಸಿ)

ಬಟ್ಟಲನ್ನು ಬಿಸಿನೀರಲ್ಲಿ ಐದು ನಿಮಿಷ ಇಡು, ಇಳಿಯುತ್ತದೆ. ಒಲೆಗೆ ಮತ್ತೆ ಇಡಬೇಡ, ಚಿಕ್ಕಿ ಆದೀತು. ಒಂದು ಚಮಚ ತುಪ್ಪ ಬೆರೆಸಿ ದೋಸೆಗೆ ಹಚ್ಚಿಕೊಂಡು ತಿನ್ನು. ಲವಂಗ ಹುಡುಕಿ ತೆಗೆದಿದ್ದೀಯ ತಾನೇ?

ಸಾಸಿವೆಕಾಳು (ಮೈಸೂರು)

ಎರಡು ಸಿಕ್ಕಿತು ಅಕ್ಕ. ಮೂರನೆಯದನ್ನು ಮಾವನವರು ಕಚ್ಚಿದ್ದಾರೆ.